ಚಿಂಚೋಳಿಯ ನಗು ಟೋಕಿಯೊ ಮುಟ್ಟಿದ ಕಥೆ

(ಈ ವಾರದ ಇತಿಹಾಸ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತು ಇಲ್ಲದವರು ಓದಿಕೊಳ್ಳಬಹುದು.)

ವಾಡಿ ಜಂಕ್ಷನ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ರೈಲಿಗೆ ಕಾಯ್ತಿರೋರಿಗೆ, ಶಹಾಬಾದ್‌ನಲ್ಲಿ ಈಗಷ್ಟೇ ಅಂಗಡಿ ಬಾಗಿಲು ತೆಗೆದೋರಿಗೆ, ಸೇಡಂನಿಂದ ಕಲಬುರಗಿ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೊರಟೋರಿಗೆ, ಎಲ್ಲರಿಗೂ ಸ್ವಾಗತ.

ನಮ್ಮ ಕಡೆಯ ಹುಡುಗರು, ಹುಡುಗಿಯರು ಸೇರಿದಲ್ಲಿ ಒಂದು ಮಾತು ಬಂದೇ ಬರ್ತದೆ. ಸ್ಟ್ಯಾಂಡ್‌ಅಪ್ ಕಾಮಿಡಿ ಅಂದ್ರೆ ಬೆಂಗಳೂರು, ಮುಂಬೈ, ಇಲ್ಲಾಂದ್ರೆ ಅಮೆರಿಕ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಅಂಥದ್ದೆಲ್ಲಿ? ನಾವು ಬರೀ ನೋಡೋರು, ಫಾರ್ವರ್ಡ್ ಮಾಡೋರು. ಈ ಮಾತು ನಾನೂ ಬಹಳ ದಿನ ನಂಬಿದ್ದೆ.

ಅದು ಸುಳ್ಳು ಅಂತ ಇವತ್ತು ಹೇಳ್ತೀನಿ. ಒಬ್ಬ ಮನುಷ್ಯ. ಹುಟ್ಟಿದ್ದು ಇದೇ ಚಿಂಚೋಳಿಯಲ್ಲಿ, 1936ರ ಜುಲೈ 15ಕ್ಕೆ. ಕೈಯಲ್ಲಿ ನಾಲ್ಕು ಹಾಳೆ ಹಿಡ್ಕೊಂಡು ಮೈಕ್ ಮುಂದೆ ನಿಂತ್ರೆ ಹೈದರಾಬಾದಿನ ಸಭೆ, ದೆಹಲಿಯ ಸಭೆ ನಗ್ತಿತ್ತು. ಹೊರದೇಶದಲ್ಲಿ ನೆಲೆಸಿದ ನಮ್ಮ ಜನರೂ ಕರೆಸಿಕೊಂಡು ನಕ್ಕರು. 2007ರಲ್ಲಿ ಪದ್ಮಶ್ರೀ ಬಂತು. ಹೆಸರು ಮುಜ್ತಬಾ ಹುಸೇನ್.

ಈ ಹೆಸರು ಕೇಳಿದ್ದೀರಾ? ಕೇಳಿರದಿದ್ರೆ ನಾಚಿಕೆ ಏನಿಲ್ಲ. ಅವರು ಬರೆದದ್ದು ಉರ್ದುವಿನಲ್ಲಿ. ನಮ್ಮಲ್ಲಿ ಬಹಳ ಜನಕ್ಕೆ ಆ ಲಿಪಿ ಓದೋಕೆ ಬರಲ್ಲ. ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಇವತ್ತಿನ ಸಂಚಿಕೆಯ ಸಂಕಟ ಇರೋದೇ ಅಲ್ಲಿ. ಅಲ್ಲಿಗೆ ಆಮೇಲೆ ಬರೋಣ, ಮೊದಲು ಕಥೆ.

ಒಂದು ರೈಲು ದಾರಿ, ಎರಡು ಊರು

ಮುಜ್ತಬಾ ಹುಟ್ಟಿದಾಗ ಚಿಂಚೋಳಿ, ಸೇಡಂ, ಚಿತ್ತಾಪುರ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ನಡುನಡುವೆ ಮರಾಠಿ, ತಾಂಡಾದಲ್ಲಿ ಲಂಬಾಣಿ. ಚಿಂಚೋಳಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಇವತ್ತಿಗೂ ಅಲ್ಲಿ ಒಂದು ಚಹಾ ಮುಗಿಯೋದ್ರಲ್ಲಿ ಮೂರು ಭಾಷೆ ಬಂದು ಹೋಗ್ತಾವೆ.

ಅವತ್ತು ಓದಿನ, ನೌಕರಿಯ, ಆಸ್ಪತ್ರೆಯ, ಕೋರ್ಟಿನ ದಾರಿಯೆಲ್ಲ ಹೈದರಾಬಾದಿನ ಕಡೆಗೇ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು ಹಾದಿ ಬಿದ್ದದ್ದು 1874ರಲ್ಲಿ. ಮುಂಬೈ–ಮದ್ರಾಸ್ ದೊಡ್ಡ ಲೈನಿಗೆ ಹೈದರಾಬಾದನ್ನ ಕೂಡಿಸಿದ ಗಂಟು ನಮ್ಮ ವಾಡಿ. ಗುಲಬರ್ಗಾದಲ್ಲಿ ಹತ್ತಿದರೆ ಶಹಾಬಾದ್, ವಾಡಿ, ಅಲ್ಲಿಂದ ತಿರುಗಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್. ನೀವು ಈಗಲೂ ಹೋಗೋದು ಅದೇ ದಾರಿಯಲ್ಲಿ. ಚಿಂಚೋಳಿಗೆ ರೈಲಿಲ್ಲ. ಅಲ್ಲಿಯವರಿಗೆ ತಾಂಡೂರು ಸ್ಟೇಷನ್ನೇ ಗತಿ.

ಮುಜ್ತಬಾ ಓದಿದ್ದು ಗುಲಬರ್ಗಾದಲ್ಲಿ. ಇಂಟರ್‌ಮೀಡಿಯೆಟ್ ಆದ ಮೇಲೆ ಹೈದರಾಬಾದಿಗೆ ಹೋದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 1956ಕ್ಕೆ ಬಿಎ ಮುಗೀತು. ಅದೇ 1956ರ ನವೆಂಬರ್ 1ಕ್ಕೆ ರಾಜ್ಯಗಳ ಮರುವಿಂಗಡಣೆ ಆಯ್ತು. ಗುಲಬರ್ಗಾ ಮೈಸೂರು ರಾಜ್ಯಕ್ಕೆ ಬಂತು, ಹೈದರಾಬಾದ್ ಆಂಧ್ರಪ್ರದೇಶಕ್ಕೆ ಹೋಯ್ತು. ಈ ಹುಡುಗ ಒಂದು ಹೆಜ್ಜೆಯೂ ಇಡಲಿಲ್ಲ, ಆದ್ರೆ ಹುಟ್ಟಿದೂರು ಬೇರೆ ರಾಜ್ಯ, ಓದಿದೂರು ಬೇರೆ ರಾಜ್ಯ ಆಗಿಹೋದವು.

ನಾವು ಕನ್ನಡದವರಿಗೆ ಅದು ಏಕೀಕರಣದ ಹಬ್ಬ. ಚದುರಿ ಹೋಗಿದ್ದ ನಾಡು ಒಂದಾಯ್ತು. ಆ ಸಂತೋಷ ನಿಜ, ಅದಕ್ಕಾಗಿ ದುಡಿದವರ ಶ್ರಮ ನಿಜ. ಅದೇ ದಿನ ಕೆಲವರ ಪಾಲಿಗೆ ಒಂದು ಮನೆ ಎರಡಾಯ್ತು, ಇದೂ ನಿಜ. ಇತಿಹಾಸ ಅಂದ್ರೆ ಎರಡನ್ನೂ ಒಟ್ಟಿಗೆ ಹಿಡ್ಕೊಂಡು ಕೂಡೋದು.

ಮೂವರು ಅಣ್ಣತಮ್ಮಂದಿರು

ಮುಜ್ತಬಾ ಅವರಿಗಿಂತ ಮೊದಲು ಅವರ ಇಬ್ಬರು ಅಣ್ಣಂದಿರ ಬಗ್ಗೆ ಕೇಳಬೇಕು. ಇಲ್ಲದಿದ್ರೆ ಈ ನಗುವಿನ ಬೇರು ಸಿಗೋದಿಲ್ಲ.

ಒಬ್ಬರು ಮಹಬೂಬ್ ಹುಸೇನ್ ಜಿಗರ್. 1949ರ ಆಗಸ್ಟ್ 15ಕ್ಕೆ ಅಬಿದ್ ಅಲಿ ಖಾನ್ ಅವರ ಜೊತೆ ಸೇರಿ ಹೈದರಾಬಾದಿನಲ್ಲಿ ‘ಸಿಯಾಸತ್’ ಅನ್ನೋ ಉರ್ದು ದಿನಪತ್ರಿಕೆ ಶುರು ಮಾಡಿದವರು. ಆ ವರ್ಷ ಗಮನಿಸ್ರಿ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ್ ಭಾರತಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ರಜಾಕಾರರ ಹಾವಳಿಯಲ್ಲಿ ನೊಂದವರು ಒಂದು ಕಡೆ, ಆಮೇಲಿನ ಗಲಭೆಯಲ್ಲಿ ನೊಂದವರು ಇನ್ನೊಂದು ಕಡೆ. ಅಂಥ ಹೊತ್ತಿನಲ್ಲಿ ಸ್ವಾತಂತ್ರ್ಯ ದಿನವನ್ನೇ ಆರಿಸಿಕೊಂಡು ಪತ್ರಿಕೆ ಶುರು ಮಾಡಿದ್ರು. ನಾವು ಇಲ್ಲೇ ಇರ್ತೀವಿ, ಈ ದೇಶದ ಮಾತೇ ಆಡ್ತೀವಿ ಅಂತ ಬಾಯಿಬಿಟ್ಟು ಹೇಳದೆ ಹೇಳಿದ ಹಾಗಿತ್ತು ಅದು.

ಇನ್ನೊಬ್ಬರು ಇಬ್ರಾಹಿಂ ಜಲೀಸ್. ಚಿಕ್ಕ ವಯಸ್ಸಿಗೇ ಕಥೆಗಾರ ಅಂತ ಹೆಸರಾದವರು. 1948ರ ನಂತರ ಅವರು ಪಾಕಿಸ್ತಾನಕ್ಕೆ ಹೋದರು. ಆ ದಿನಗಳ ಬಗ್ಗೆ ‘ದೋ ಮುಲ್ಕ್ ಏಕ್ ಕಹಾನಿ’ ಅಂತ ಪುಸ್ತಕ ಬರೆದರು. ಎರಡು ದೇಶ, ಒಂದು ಕಥೆ. ಕರಾಚಿಯಲ್ಲಿ ಪತ್ರಕರ್ತರಾಗಿ, ಹಾಸ್ಯ ಅಂಕಣಕಾರರಾಗಿ ದೊಡ್ಡ ಹೆಸರು ಮಾಡಿದರು. ಸರ್ಕಾರಕ್ಕೆ ಹಿಡಿಸದ ಮಾತು ಬರೆದು ಜೈಲೂ ಕಂಡರು. 1977ರಲ್ಲಿ ಅಲ್ಲೇ ತೀರಿಕೊಂಡರು.

ಅಂದ್ರೆ ನೋಡ್ರಿ, ಗುಲಬರ್ಗಾದ ಒಂದೇ ಮನೆಯಿಂದ ಹೊರಟ ನಗು ಗಡಿಯ ಆಚೆಗೂ ಹೋಯ್ತು, ಈಚೆಗೂ ಉಳೀತು. ಒಬ್ಬ ಅಣ್ಣ ಕರಾಚಿಯ ಓದುಗರನ್ನ ನಗಿಸ್ತಿದ್ದ. ಕಿರಿಯ ತಮ್ಮ ಹೈದರಾಬಾದಿನ ಓದುಗರನ್ನ ನಗಿಸೋಕೆ ತಯಾರಾಗ್ತಿದ್ದ. ನಡುವೆ ಪಾಸ್‌ಪೋರ್ಟು, ವೀಸಾ, ಯುದ್ಧ.

ನಾಳೆಯಿಂದ ನೀನೇ ನಗಿಸು

ಮುಜ್ತಬಾ ತಾವಾಗಿ ಹಾಸ್ಯಕ್ಕೆ ಬಂದವರಲ್ಲ. ಓದು ಮುಗಿಸಿ ‘ಸಿಯಾಸತ್’ನಲ್ಲಿ ಕೆಲಸಕ್ಕಿದ್ದರು. ಆ ಪತ್ರಿಕೆಯಲ್ಲಿ ‘ಶೀಶಾ ಓ ತೇಶಾ’ ಅಂತ ಒಂದು ಹಾಸ್ಯ ಅಂಕಣ ಬರ್ತಿತ್ತು. ಶೀಶಾ ಅಂದ್ರೆ ಗಾಜು, ತೇಶಾ ಅಂದ್ರೆ ಕಲ್ಲು ಒಡೆಯೋರ ಕೈಯ ಹತಾರ. ಶಹಾಬಾದ್ ಕಲ್ಲಿನ ಗಣಿ ನೋಡಿ ಬೆಳೆದವರಿಗೆ ಈ ಹೆಸರಿನ ರುಚಿ ಬೇಗ ಹತ್ತಬೇಕು. ಅದನ್ನ ಬರೀತಿದ್ದವರು ಕವಿ ಶಾಹಿದ್ ಸಿದ್ದೀಖಿ. 1962ರಲ್ಲಿ ಅವರು ತೀರಿಕೊಂಡರು. ಅಂಕಣ ನಿಲ್ಲಬಾರದು. ಬರೆಯೋರು ಯಾರು? ಆ ಹೊಣೆ ಇಪ್ಪತ್ತಾರರ ಮುಜ್ತಬಾ ಮೇಲೆ ಬಿತ್ತು. 1962ರ ಆಗಸ್ಟ್‌ನಿಂದ ಅವರು ಹಾಸ್ಯಗಾರ. ಹಿರಿಯರ ಅಪ್ಪಣೆಗೆ ಹಾಸ್ಯಗಾರ ಆದವನು ನಾನು ಅಂತ ಅವರೇ ಮುಂದೆ ಹೇಳಿಕೊಳ್ಳೋರು.

ಒಂದು ಕ್ಷಣ ಯೋಚಿಸ್ರಿ. ಒಬ್ಬ ಪ್ರಿಯ ಲೇಖಕ ಸತ್ತಿದ್ದಾನೆ. ಕಚೇರಿಯಲ್ಲಿ ಸೂತಕದ ಮೌನ. ಅದೇ ಮೇಜಿನ ಮುಂದೆ ಕೂತು ನಾಳೆ ಬೆಳಿಗ್ಗೆ ಜನ ನಗೋ ಹಾಗೆ ಬರೀಬೇಕು. ಮುಜ್ತಬಾ ಅವರ ಹಾಸ್ಯದ ಮೊದಲ ಪಾಠವೇ ಇದು. ನಗು ಹುಟ್ಟೋಕೆ ಖುಷಿ ಬೇಕೇ ಬೇಕು ಅಂತಿಲ್ಲ.

ಅದೇ ಹೊತ್ತಿಗೆ ಹೈದರಾಬಾದಿನಲ್ಲಿ ‘ಜಿಂದಾ ದಿಲಾನ್–ಎ–ಹೈದರಾಬಾದ್’ ಅಂತ ಒಂದು ಬಳಗ ಎದ್ದಿತು. ಜೀವಂತ ಹೃದಯದವರು ಅಂತ ಅರ್ಥ. ಇವರು ವರ್ಷ ವರ್ಷ ದೊಡ್ಡ ಸಭೆ ಮಾಡೋರು. ಒಂದು ಹೊತ್ತು ಹಾಸ್ಯ ಗದ್ಯ, ಇನ್ನೊಂದು ಹೊತ್ತು ಹಾಸ್ಯ ಕವಿಗಳ ಮುಷಾಯರಾ. ಗದ್ಯ ಅಂದ್ರೆ ಮನೆಯಲ್ಲಿ ಕೂತು ಓದೋದಲ್ಲ. ಲೇಖಕ ವೇದಿಕೆಗೆ ಬಂದು ಸಾವಿರಾರು ಜನರ ಮುಂದೆ ಗಟ್ಟಿಯಾಗಿ ಓದಬೇಕು. ಜನ ನಗದಿದ್ರೆ ಅಲ್ಲೇ, ಆಗಲೇ ಗೊತ್ತಾಗಿಬಿಡ್ತದೆ. 1968ರಿಂದ ಇದೇ ಬಳಗದ ನೆರಳಿನಲ್ಲಿ ‘ಶಗೂಫಾ’ ಅನ್ನೋ ಹಾಸ್ಯ ಪತ್ರಿಕೆ ಬಂತು. ಮುಜ್ತಬಾ ಈ ಬಳಗದ ಮುಂಚೂಣಿಯಲ್ಲಿದ್ದರು.

ಈಗ ಹೇಳ್ರಿ. ಒಬ್ಬ ಮನುಷ್ಯ, ಒಂದು ಮೈಕ್, ವೇಷ ಇಲ್ಲ, ಹಾರ್ಮೋನಿಯಂ ಇಲ್ಲ, ಬರೀ ಮಾತು. ಇದಕ್ಕೆ ನಾವು ಇವತ್ತು ಏನಂತ ಹೆಸರು ಕೊಟ್ಟಿದ್ದೀವಿ? ಹೆಸರು ಇಂಗ್ಲಿಷಿನದು ಅಂತ ಕಸುಬೂ ಅವರದ್ದೇ ಆಗೋದಿಲ್ಲ. ಅಮೆರಿಕದ ಮಾರ್ಕ್ ಟ್ವೇನ್ ಸಾಲ ತೀರಿಸೋಕೆ ಅಂತ 1895–96ರಲ್ಲಿ ಊರೂರು ಹೊರಟು ಹಾಸ್ಯದ ಮಾತು ಹೇಳಿ ದುಡ್ಡು ಗಳಿಸಿದ. ಆ ಸುತ್ತಾಟದಲ್ಲಿ ಮುಂಬೈ, ಕೋಲ್ಕತಾಗೂ ಬಂದಿದ್ದ. ಹಾಸ್ಯಗಾರ ಮೊದಲಿನಿಂದಲೂ ಅಲೆಮಾರಿಯೇ. ಟಿಕೆಟ್ ಬುಕ್ ಮಾಡೋ ಆಪ್ ಅಷ್ಟೇ ಹೊಸದು.

ಎದುರಿಗೆ ಕೂರಿಸಿ ಕಾಲೆಳೆಯೋ ಕಲೆ

ಮುಜ್ತಬಾ ಅವರ ದೊಡ್ಡ ಹೆಸರು ಇರೋದು ‘ಖಾಕಾ’ ಅನ್ನೋ ಪ್ರಕಾರದಲ್ಲಿ. ಖಾಕಾ ಅಂದ್ರೆ ಒಬ್ಬ ವ್ಯಕ್ತಿಯ ರೇಖಾಚಿತ್ರ, ಪದಗಳಲ್ಲಿ. ಪುಸ್ತಕ ಬಿಡುಗಡೆ ಇರ್ತದೆ, ಸನ್ಮಾನ ಇರ್ತದೆ. ಹಾರ ಹಾಕಿಸ್ಕೊಂಡ ದೊಡ್ಡ ಮನುಷ್ಯ ವೇದಿಕೆ ಮೇಲೆ ಕೂತಿರ್ತಾನೆ. ಮುಜ್ತಬಾ ಎದ್ದು ನಿಂತು ಅವನ ಎದುರಿಗೇ ಅವನ ಬಗ್ಗೆ ಬರೆದದ್ದು ಓದೋರು. ಅವನ ನಡಿಗೆ, ಅವನ ಜಿಪುಣತನ, ಅವನ ಮರೆವು, ಅವನ ಪ್ರೀತಿ. ಸಭೆ ನಗ್ತಿತ್ತು. ಹಾರ ಹಾಕಿಸ್ಕೊಂಡವನೂ ನಗ್ತಿದ್ದ.

ನಮ್ಮ ಕಾಲದಲ್ಲಿ ಇದಕ್ಕೆ ರೋಸ್ಟ್ ಅಂತೀವಿ. ಆದ್ರೆ ವ್ಯತ್ಯಾಸ ಇದೆ. ರೋಸ್ಟ್ ಮುಗಿದಾಗ ಆ ಮನುಷ್ಯ ಕಣ್ಣಲ್ಲಿ ಸಣ್ಣವನಾಗಿರ್ತಾನೆ. ಮುಜ್ತಬಾ ಅವರ ಖಾಕಾ ಮುಗಿದಾಗ ಅವನ ಮೇಲೆ ಪ್ರೀತಿ ಹೆಚ್ಚಾಗಿರ್ತದೆ. ಯಾಕೆ? ಅವರ ಗುಟ್ಟು ಸರಳ. ಎದುರಿಗಿರೋನಿಗೆ ಒಂದು ಏಟು ಹಾಕೋ ಮೊದಲು ತಮಗೆ ತಾವೇ ಎರಡು ಹಾಕ್ಕೊಂಡಿರ್ತಿದ್ರು.

ಈ ಮಾತಿಗೆ ದೊಡ್ಡ ಸಾಕ್ಷಿ ಇದೆ. ಎಲ್ಲರ ಖಾಕಾ ಬರೆದಾದ ಮೇಲೆ ಅವರು ತಮ್ಮದೇ ಖಾಕಾ ಬರೆದರು. ಹೆಸರು ‘ಅಪ್ನೀ ಯಾದ್ ಮೇ’. ನನ್ನದೇ ನೆನಪಿನಲ್ಲಿ ಅಂತ. ಬದುಕಿರುವಾಗಲೇ ತಾನು ಸತ್ತುಹೋಗಿದ್ದೀನಿ ಅಂದುಕೊಂಡು, ತನಗೆ ತಾನೇ ಶ್ರದ್ಧಾಂಜಲಿ ಬರೆದ ಬರಹ ಅದು. ಬೇರೆಯವರ ಶ್ರದ್ಧಾಂಜಲಿಯಲ್ಲಿ ಸುಳ್ಳು ಹೊಗಳಿಕೆ ಕೇಳಿ ಕೇಳಿ ಬೇಸತ್ತವನು, ನನ್ನ ಬಗ್ಗೆಯಾದರೂ ನಿಜ ಹೇಳೋಣ ಅಂತ ಕೂತ ಹಾಗಿದೆ ಅದು.

ಅವರ ಪುಸ್ತಕದ ಹೆಸರುಗಳನ್ನ ಸಾಲಾಗಿಟ್ಟು ನೋಡಿದಾಗ ನನಗೊಂದು ತಮಾಷೆ ಕಾಣ್ತು. ಮೊದಲ ಪುಸ್ತಕ 1968ರದು, ‘ತಕಲ್ಲುಫ್ ಬರ್‌ತರಫ್’. ಸಂಕೋಚ ಪಕ್ಕಕ್ಕಿಡ್ರಿ ಅಂತ. 1972ರಲ್ಲಿ ‘ಕಿಸ್ಸಾ ಮುಖ್ತಸರ್’, ಚಿಕ್ಕದಾಗಿ ಹೇಳಬೇಕಂದ್ರೆ. 1974ರಲ್ಲಿ ‘ಬಹರ್‌ಹಾಲ್’, ಏನೇ ಇರಲಿ. 1982ರಲ್ಲಿ ‘ಬಿಲ್‌ಆಖಿರ್’, ಕೊನೆಗೂ. 1987ರಲ್ಲಿ ‘ಅಲ್‌ಗರಜ್’, ಒಟ್ಟಿನಲ್ಲಿ. 1997ರಲ್ಲಿ ‘ಆಖಿರ್‌ಕಾರ್’, ಅಂತೂ ಇಂತೂ. ನಮ್ಮ ಕಡೆ ಬೀಗರು ಚಪ್ಪಲಿ ಮೆಟ್ಟಿಕೊಂಡು, ಬಾಗಿಲಲ್ಲಿ ನಿಂತು, ‘ಆಯ್ತು, ಬರ್ತೀವ್ರಿ’ ಅಂತ ಹೇಳಿ ಇನ್ನೂ ಒಂದು ತಾಸು ಮಾತಾಡ್ತಾರಲ್ಲ, ಹಾಗೆ. ಮುಗಿಸ್ತೀನಿ ಮುಗಿಸ್ತೀನಿ ಅಂತ ಮೂವತ್ತು ವರ್ಷ ಮಾತಾಡಿದ ಮನುಷ್ಯ.

ಟೋಕಿಯೊದಲ್ಲಿ ಕಂಡ ಕನ್ನಡಿ

1972ರಲ್ಲಿ ಕೇಂದ್ರ ಸರ್ಕಾರ ಉರ್ದು ಭಾಷೆಯ ಬೆಳವಣಿಗೆಗೆ ಏನು ಮಾಡಬೇಕು ಅಂತ ನೋಡೋಕೆ ಐ.ಕೆ. ಗುಜ್ರಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. ಗುಜ್ರಾಲ್ ಮುಂದೆ ಪ್ರಧಾನಿಯೂ ಆದವರು. ಆ ಸಮಿತಿಯ ಕೆಲಸಕ್ಕೆ ಮುಜ್ತಬಾ ದೆಹಲಿಗೆ ಹೋದರು. ಆಮೇಲೆ ಶಾಲಾ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯಲ್ಲಿ ನೌಕರಿ. ಹಗಲು ಮಕ್ಕಳ ಪುಸ್ತಕ ಅಚ್ಚು ಹಾಕಿಸೋದು, ಸಂಜೆ ದೊಡ್ಡವರನ್ನ ನಗಿಸೋದು. ಪೂರ್ತಿ ಹೊಟ್ಟೆಪಾಡು ಹಾಸ್ಯದಿಂದ ಅವರಿಗೂ ನಡೀಲಿಲ್ಲ. ಇವತ್ತು ಐಟಿ ಕೆಲಸ ಮಾಡ್ಕೊಂಡು ವೀಕೆಂಡಿಗೆ ಓಪನ್ ಮೈಕ್ ಹೋಗೋರಿಗೆ ಈ ಬದುಕು ಅರ್ಥ ಆಗ್ತದೆ.

1980ರಲ್ಲಿ ಪುಸ್ತಕ ಪ್ರಕಟಣೆಯ ತರಬೇತಿಗೆ ಜಪಾನಿಗೆ ಹೋಗೋ ಅವಕಾಶ ಬಂತು. ಅಲ್ಲಿಂದ ಬಂದು ಬರೆದ ಪುಸ್ತಕ ‘ಜಪಾನ್ ಚಲೋ ಜಪಾನ್’. ಅವರ ಪುಸ್ತಕಗಳಲ್ಲಿ ಜನರ ಬಾಯಲ್ಲಿ ಹೆಚ್ಚು ಉಳಿದದ್ದು ಬಹುಶಃ ಇದೇ. ಆಗಿನ ಕಾಲ ನೆನಪಿಡ್ರಿ. ವಿದೇಶಕ್ಕೆ ಹೋಗೋದು ಅಂದ್ರೆ ಊರಿಗೇ ಸುದ್ದಿ. ಹೋಗಿ ಬಂದವರು ಬರೆಯೋ ಪ್ರವಾಸಕಥನದಲ್ಲಿ ಎರಡೇ ಬಗೆ. ಒಂದು, ಅಲ್ಲಿ ಎಲ್ಲ ಬಂಗಾರ, ನಮ್ಮದೆಲ್ಲ ಹಾಳು. ಇಲ್ಲಾಂದ್ರೆ, ಅಲ್ಲಿ ಸಂಸ್ಕೃತಿಯೇ ಇಲ್ಲ, ನಾವೇ ಮೇಲು. ಮುಜ್ತಬಾ ಎರಡನ್ನೂ ಬಿಟ್ಟರು. ಹೊಸ ಊರಿನಲ್ಲಿ ತಬ್ಬಿಬ್ಬಾದ ತಮ್ಮನ್ನೇ ಕಥೆಯ ನಡುವೆ ನಿಲ್ಲಿಸಿದರು. ಜಪಾನಿನ ಜನ ತಮಾಷೆಯಾಗಿ ಕಾಣೋದಿಲ್ಲ, ಅವರ ಮುಂದೆ ಪೇಚಿಗೆ ಸಿಕ್ಕ ನಮ್ಮವನು ಕಾಣ್ತಾನೆ. ನಗ್ತಾ ನಗ್ತಾ ಓದುಗನಿಗೆ ಗೊತ್ತಾಗ್ತದೆ, ಟೋಕಿಯೊದ ರೈಲಿನ ಶಿಸ್ತಿನ ಕಥೆ ಹೇಳ್ತಾ ಇವರು ನಮ್ಮ ಪ್ಲಾಟ್‌ಫಾರಂ ಬಗ್ಗೆ ಮಾತಾಡ್ತಿದ್ದಾರೆ ಅಂತ. ವಾಡಿಯಲ್ಲಿ ರೈಲಿಗೆ ಕಾದವರಿಗೆ ಹೆಚ್ಚಿಗೆ ಹೇಳಬೇಕಾ?

ಜಪಾನಿನಲ್ಲಿ ಇನ್ನೊಂದು ವಿಚಿತ್ರ ಇದೆ. ಟೋಕಿಯೊದ ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಉರ್ದು ಕಲಿಸ್ತಾರೆ, ಅದೂ ದಶಕಗಳಿಂದ. ಇಲ್ಲಿ ಅದೇ ಭಾಷೆಯ ಓದುಗರು ವರ್ಷ ವರ್ಷಕ್ಕೆ ಕರಗ್ತಿದ್ರು. 1918ರಲ್ಲಿ ಉರ್ದು ಮಾಧ್ಯಮದಲ್ಲೇ ಉನ್ನತ ಶಿಕ್ಷಣ ಕೊಡೋಕೆ ಅಂತ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ 1948ರ ನಂತರ ಇಂಗ್ಲಿಷಿಗೆ ತಿರುಗಿತ್ತು.

ಈ ಕರಗೋದನ್ನ ಮುಜ್ತಬಾ ಅತ್ತುಕೊಂಡು ಬರೀಲಿಲ್ಲ. ‘ಉರ್ದು ಕಾ ಆಖರಿ ಕಾರೀ’, ಅಂದ್ರೆ ಉರ್ದುವಿನ ಕೊನೆಯ ಓದುಗ ಅಂತ ಒಂದು ಬರಹ ಬರೆದರು. ‘ದೀಮಕೋಂ ಕೀ ಮಲಿಕಾ ಸೇ ಏಕ್ ಮುಲಾಕಾತ್’ ಅಂತ ಇನ್ನೊಂದು. ಅಂದ್ರೆ ಗೆದ್ದಲು ರಾಣಿಯ ಜೊತೆ ಒಂದು ಸಂದರ್ಶನ. ಗ್ರಂಥಾಲಯದಲ್ಲಿ ಪುಸ್ತಕ ಮುಟ್ಟೋ ಮನುಷ್ಯರಿಲ್ಲ, ಗೆದ್ದಲು ಮಾತ್ರ ಇದ್ದಾವೆ. ಸಾಹಿತ್ಯವನ್ನ ನಿಜವಾಗಿ ಅರಗಿಸಿಕೊಂಡವರು ಅವೇ. ಹಾಗಾಗಿ ಅವುಗಳ ರಾಣಿಯನ್ನೇ ಮಾತಾಡಿಸೋದು. ಕೇಳಿದಾಗ ನಗು ಬರ್ತದೆ. ಮನೆಗೆ ಹೋಗಿ ಬೀರು ತೆಗೆದು ಅಜ್ಜನ ಪುಸ್ತಕ ನೋಡಿದಾಗ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ತದೆ. ಕನ್ನಡದ ಗ್ರಂಥಾಲಯಗಳ ಬಗ್ಗೆಯೂ ಈ ಮಾತು ಹೇಳಬಹುದಾ? ಅದನ್ನ ನಿಮಗೇ ಬಿಡ್ತೀನಿ.

ಪರದೇಶದವರು ಹಾಸ್ಯಗಾರನನ್ನ ಯಾಕೆ ಕರೆಸ್ತಾರೆ?

ಜಪಾನ್ ಆದ ಮೇಲೆ ಇಂಗ್ಲೆಂಡ್, ಅಮೆರಿಕ, ಸೋವಿಯತ್ ಒಕ್ಕೂಟದ ಉಜ್ಬೇಕಿಸ್ತಾನ, ಸೌದಿ ಅರೇಬಿಯಾ. ಹೈದರಾಬಾದಿನಿಂದ, ಗುಲಬರ್ಗಾದಿಂದ, ಬೀದರದಿಂದ ಎಪ್ಪತ್ತು–ಎಂಬತ್ತರ ದಶಕದಲ್ಲಿ ಬಹಳ ಜನ ಕೊಲ್ಲಿ ದೇಶಗಳಿಗೆ, ಅಮೆರಿಕಕ್ಕೆ ದುಡಿಯೋಕೆ ಹೋದ್ರು. ನಮ್ಮ ಊರುಗಳಲ್ಲಿ ಒಂದಾದರೂ ‘ದುಬೈ ಮನೆ’, ‘ಸೌದಿ ಮನೆ’ ಇದ್ದೇ ಇರ್ತದೆ. ಅವರು ಅಲ್ಲಿ ಸಂಘ ಕಟ್ಟಿಕೊಂಡ್ರು, ಮುಷಾಯರಾ ಮಾಡಿದ್ರು. ಊರಿನಿಂದ ಕವಿಗಳನ್ನ, ಹಾಸ್ಯಗಾರರನ್ನ ಕರೆಸಿಕೊಂಡ್ರು.

ಕನ್ನಡದವರೂ ಇದನ್ನೇ ಮಾಡಿದ್ರು. ಗಂಗಾವತಿ ಪ್ರಾಣೇಶ್ ಅವರು ಬೀಚಿಯವರ ಹಾಸ್ಯವನ್ನ, ಉತ್ತರ ಕರ್ನಾಟಕದ ಮಾತಿನ ಧಾಟಿಯನ್ನ ಹಲವು ದೇಶಗಳ ಕನ್ನಡ ಸಂಘಗಳಿಗೆ ಹೊತ್ತೊಯ್ದದ್ದು ನಿಮಗೆ ಗೊತ್ತು. ಯೂಟ್ಯೂಬಿನಲ್ಲಿ ನೋಡಿದ್ದೀರಿ. ಭಾಷೆ ಬೇರೆ, ದಾರಿ ಒಂದೇ.

ಯಾಕೆ ಹಾಸ್ಯಗಾರ? ನನಗನಿಸೋದು ಹೀಗೆ. ಪರದೇಶದಲ್ಲಿ ಜೋಳದ ಹಿಟ್ಟು ಸಿಗ್ತದೆ, ಶೇಂಗಾ ಚಟ್ನಿ ಪಾರ್ಸೆಲ್ ಬರ್ತದೆ. ಸಿಗದೇ ಇರೋದು ಒಂದೇ. ಬಿಡಿಸಿ ಹೇಳದೇ ಅರ್ಥ ಆಗೋ ಮಾತು. ಆಫೀಸಿನಲ್ಲಿ ಜೋಕ್ ಹೇಳಬೇಕಂದ್ರೆ ಮೊದಲು ಊರು ವಿವರಿಸಬೇಕು, ಅತ್ತೆ ಅಂದ್ರೆ ಯಾರು ವಿವರಿಸಬೇಕು. ಅಷ್ಟೊತ್ತಿಗೆ ಜೋಕ್ ತಣ್ಣಗಾಗಿರ್ತದೆ. ಊರಿನ ಹಾಸ್ಯಗಾರ ಬಂದು ಒಂದು ಪದ ಎಸೆದ್ರೆ ಸಾಕು, ಐನೂರು ಜನ ಒಟ್ಟಿಗೆ ನಗ್ತಾರೆ. ಆ ಎರಡು ತಾಸು ಅವರು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಅವರು ಟಿಕೆಟ್ ಕೊಳ್ಳೋದು ಆ ನೆಮ್ಮದಿಗೆ.

ಇಲ್ಲೇ ಇನ್ನೊಬ್ಬರ ಹೆಸರು ಹೇಳದಿದ್ರೆ ತಪ್ಪಾಗ್ತದೆ. ಸುಲೇಮಾನ್ ಖತೀಬ್. ಹುಟ್ಟಿದ್ದು ಬೀದರ ಕಡೆಯ ಚಿಟಗುಪ್ಪದಲ್ಲಿ, 1922ರಲ್ಲಿ. ಗುಲಬರ್ಗಾದ ವಾಟರ್ ವರ್ಕ್ಸ್‌ನಲ್ಲಿ ನೌಕರಿ ಮಾಡ್ತಿದ್ರು. ಮುಜ್ತಬಾ ಬರೆದದ್ದು ಪುಸ್ತಕದ ಉರ್ದುವಿನಲ್ಲಿ. ಖತೀಬರು ಬರೆದದ್ದು ದಖನಿಯಲ್ಲಿ, ಅಂದ್ರೆ ನಮ್ಮ ಬಜಾರದ, ನಮ್ಮ ಅಡುಗೆಮನೆಯ ಮಾತಿನಲ್ಲಿ. ಕನ್ನಡ, ಮರಾಠಿ, ತೆಲುಗು ಎಲ್ಲ ಬೆರೆತ ಮಾತು ಅದು. ಕನ್ನಡದವನಿಗೆ ಅರ್ಧಕ್ಕರ್ಧ ಹಾಗೇ ತಿಳೀತದೆ. ಅವರ ಸಂಕಲನದ ಹೆಸರು ‘ಕೇವಡೇ ಕಾ ಬನ್’. ಕೇದಗೆಯ ಬನ. ಕೇದಗೆ, ಕೇವಡಾ, ಬನ. ಹೆಸರಲ್ಲೇ ಎರಡು ಭಾಷೆ ಕೈ ಹಿಡ್ಕೊಂಡಿದ್ದಾವೆ. ವರದಕ್ಷಿಣೆಯ ಬಗ್ಗೆ ಅವರದೊಂದು ಕವಿತೆ ಇದೆ, ‘ಛೋರಾ ಛೋರಿ’. ಗಂಡಿನ ಕಡೆಯವರ ಬೇಡಿಕೆಯ ಪಟ್ಟಿ ಕೇಳಿ ಸಭೆ ಹೊಟ್ಟೆ ಹಿಡ್ಕೊಂಡು ನಗ್ತದೆ. ಕೊನೆಗೆ ಹೆಣ್ಣು ಹೆತ್ತವರ ಸರದಿ ಬರ್ತದೆ, ಸಭೆ ಸುಮ್ಮನಾಗ್ತದೆ. 1978ರಲ್ಲಿ ಅವರು ತೀರಿಕೊಂಡರು. ನಮ್ಮ ಜಿಲ್ಲೆಯ ಹಿರಿಯರಲ್ಲಿ ಅವರ ಕವಿತೆ ಬಾಯಿಪಾಠ ಇರೋರು ಇನ್ನೂ ಇದ್ದಾರೆ.

ಪದ್ಮಶ್ರೀ ಬಂತು, ವಾಪಸ್ ಹೋಯ್ತು

ಮುಜ್ತಬಾ ನಿವೃತ್ತಿಯ ನಂತರ ಹೈದರಾಬಾದಿಗೆ ಮರಳಿದರು. ‘ಸಿಯಾಸತ್’ಗೆ ಅಂಕಣ ಮುಂದುವರೀತು. 2007ರಲ್ಲಿ ಪದ್ಮಶ್ರೀ. 2010ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಹುಟ್ಟಿದ ನೆಲ ತಡವಾಗಿಯಾದರೂ ಗುರುತಿಸಿತು.

2019ರ ಡಿಸೆಂಬರ್‌ನಲ್ಲಿ ಅವರ ಹೆಸರು ಮತ್ತೆ ಸುದ್ದಿಗೆ ಬಂತು, ಈ ಸಲ ಹಾಸ್ಯಕ್ಕಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ ಬಂದು ದೇಶದಲ್ಲಿ ಗಲಾಟೆ ಎದ್ದ ದಿನಗಳವು. ದೇಶದ ಪ್ರಜಾಪ್ರಭುತ್ವದ ಸ್ಥಿತಿ ಕಂಡು ಕಳವಳ ಆಗಿದೆ, ಪದ್ಮಶ್ರೀ ವಾಪಸ್ ಕೊಡ್ತೀನಿ ಅಂತ ಅವರು ಪ್ರಕಟಿಸಿದರು. ಆಗ ವಯಸ್ಸು 83. ಆ ಕಾಯ್ದೆಯ ಬಗ್ಗೆ ನಿಮ್ಮ ಅಭಿಪ್ರಾಯ ಯಾವುದೇ ಇರಲಿ, ಅದರ ವಾದಕ್ಕೆ ಇವತ್ತು ನಾನು ಕೂತಿಲ್ಲ. ನನ್ನ ಗಮನ ಇನ್ನೊಂದರ ಮೇಲೆ. ಈ ಮನುಷ್ಯನಿಗೆ 12 ವರ್ಷ ಆದಾಗ ಅಣ್ಣ ದೇಶ ಬಿಟ್ಟು ಹೋದದ್ದು ನೋಡಿದ್ದ. 20ಕ್ಕೆ ಊರು ಎರಡು ರಾಜ್ಯ ಆದದ್ದು ನೋಡಿದ್ದ. ತಾನು ಇಲ್ಲೇ ಉಳಿದ. ಐವತ್ತೇಳು ವರ್ಷ ಜನರನ್ನ ನಗಿಸಿದ. ಅಂಥವನು, ಯಾರು ಈ ದೇಶದವರು ಅನ್ನೋ ಪ್ರಶ್ನೆ ಎದ್ದಾಗ ಒಂದು ದಿನ ನಗಿಸೋದು ಬಿಟ್ಟು ಗಂಭೀರವಾಗಿ ಮಾತಾಡಿದ. ಹಾಸ್ಯಗಾರ ಗಂಭೀರ ಆದಾಗ ಜನ ಅದನ್ನೂ ಜೋಕ್ ಅಂದುಕೊಳ್ಳೋ ಅಪಾಯ ಇರ್ತದೆ. ಅದು ಗೊತ್ತಿದ್ದೂ ಮಾತಾಡಿದ.

ಐದು ತಿಂಗಳಿಗೆ, 2020ರ ಮೇ 27ಕ್ಕೆ, ಹೈದರಾಬಾದಿನಲ್ಲಿ ತೀರಿಕೊಂಡರು. ಅದು ಲಾಕ್‌ಡೌನ್ ಕಾಲ. ಸಾವಿರಾರು ಜನರನ್ನ ಒಂದೆಡೆ ಸೇರಿಸಿ ನಗಿಸಿದವನ ಕೊನೆಯ ದಿನಕ್ಕೆ ಜನ ಸೇರೋ ಹಾಗೇ ಇರಲಿಲ್ಲ. ಅವರೇ ಬರೆದಿಟ್ಟಿದ್ದ ‘ಅಪ್ನೀ ಯಾದ್ ಮೇ’ಯಲ್ಲಿ ಈ ಒಂದು ಸಂಗತಿ ಮಾತ್ರ ಊಹಿಸಿರಲಿಲ್ಲ.

ನಿಮ್ಮ ಫೋನಿಗೊಂದು ಕೆಲಸ

ಈಗ ಮೊದಲಿನ ಸಂಕಟಕ್ಕೆ ಬರೋಣ. ಚಿಂಚೋಳಿಯಲ್ಲಿ ಹುಟ್ಟಿದವನು ಚಿಂಚೋಳಿಯ ಮಕ್ಕಳಿಗೇ ಯಾಕೆ ಗೊತ್ತಿಲ್ಲ?

ಉರ್ದುವಿನವರು, ಅವರು ಹೈದರಾಬಾದಿನವರು ಅಂದ್ರು. ಕನ್ನಡದವರು, ಅವರು ಉರ್ದುವಿನವರು ಅಂದ್ರು. ನಡುವೆ ಚಿಂಚೋಳಿ ಬಿದ್ದುಹೋಯ್ತು. ಇದು ಬರೀ ಒಬ್ಬ ಲೇಖಕರ ಮಾತಲ್ಲ. ಸೇಡಂ ತಾಲ್ಲೂಕಿನ ಮಳಖೇಡ ಅಂದ್ರೆ ರಾಷ್ಟ್ರಕೂಟರ ಮಾನ್ಯಖೇಟ, ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ದ ಕಾಲದ ರಾಜಧಾನಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಕಲಬುರಗಿಯಲ್ಲೇ ದಖನಿಯೂ ಬೆಳೆಯಿತು. ಎರಡೂ ನಮ್ಮ ಆಸ್ತಿ. ಒಂದಕ್ಕೆ ವಾರಸುದಾರರು ಅಂತ ಹೇಳಿಕೊಂಡು ಇನ್ನೊಂದನ್ನ ಬೇರೆಯವರದ್ದು ಅಂತ ಬಿಟ್ಟರೆ ನಷ್ಟ ಯಾರಿಗೆ? ನಗೋಕೆ ಇದ್ದ ಅರ್ಧ ಸಾಮಾನು ನಾವೇ ಕಳ್ಕೊಂಡ ಹಾಗೆ.

ಹಾಗಾದ್ರೆ ಏನು ಮಾಡೋದು? ದೊಡ್ಡ ಕೆಲಸ ಹೇಳೋದಿಲ್ಲ. ಉರ್ದು ಕಲೀರಿ ಅಂತಲೂ ಹೇಳೋದಿಲ್ಲ, ಕಲಿತರೆ ಒಳ್ಳೇದೇ. ನಿಮ್ಮ ಓಣಿಯಲ್ಲಿ, ಪಕ್ಕದ ಮನೆಯಲ್ಲಿ, ದರ್ಜಿ ಅಂಗಡಿಯಲ್ಲಿ, ನಿವೃತ್ತ ಮಾಸ್ತರರಲ್ಲಿ ಎಪ್ಪತ್ತು ದಾಟಿದ ಯಾರಾದರೂ ಇರ್ತಾರೆ. ಅಲ್ಲಿ ಹೋಗಿ ಒಂದು ಮಾತು ಕೇಳ್ರಿ. ‘ಚಾಚಾ, ಖತೀಬ್ ಸಾಹೇಬರ ಕವಿತೆ ಏನಾದ್ರೂ ನೆನಪದಾವೇನ್ರಿ?’ ಅಂತ. ಇಲ್ಲಾಂದ್ರೆ, ‘ಮಾಸ್ತರ್ರೇ, ನಿಮ್ಮ ಕಾಲದಾಗ ನಗಸೋರು ಯಾರಿದ್ರು?’ ಅಂತ. ಮುಜ್ತಬಾ ಸಾಹೇಬರನ್ನ ಓದಿದವರು ಸಿಕ್ಕರೆ ಒಂದು ಪುಟ ಗಟ್ಟಿಯಾಗಿ ಓದಿಸ್ರಿ, ಅರ್ಥ ಕೇಳ್ರಿ. ಅವರ ಬರಹ ಹುಟ್ಟಿದ್ದೇ ಗಟ್ಟಿಯಾಗಿ ಓದೋಕೆ. ಕೇಳಿದವನಿಗೆ ಲಿಪಿ ಬೇಕಾಗಿಲ್ಲ.

ಓದಿಸುವಾಗ ನಿಮ್ಮ ಫೋನಿನ ರೆಕಾರ್ಡರ್ ಆನ್ ಮಾಡ್ರಿ. ಅಷ್ಟೇ. ಗೆದ್ದಲಿಗೆ ಪುಸ್ತಕ ತಿನ್ನೋಕೆ ಬರ್ತದೆ, ಧ್ವನಿ ತಿನ್ನೋಕೆ ಬರೋದಿಲ್ಲ.

ಮತ್ತೆ, ನಿಮ್ಮಲ್ಲಿ ಯಾರಿಗಾದ್ರೂ ಮೈಕ್ ಮುಂದೆ ನಿಲ್ಲೋ ಆಸೆ ಇದ್ರೆ, ನಮ್ಮ ಭಾಷೆ ಬೆಂಗಳೂರಿನವರಿಗೆ ತಿಳಿಯೋದಿಲ್ಲ ಅಂತ ಹಿಂಜರಿಯಬೇಡ್ರಿ. ಚಿಂಚೋಳಿಯ ಹುಡುಗನಿಗೆ ಟೋಕಿಯೊ ದೂರ ಆಗಲಿಲ್ಲ. ಅವನು ಮಾಡಿದ್ದು ಇಷ್ಟೇ, ಎಲ್ಲರಿಗಿಂತ ಮೊದಲು ತನ್ನ ಮೇಲೆ ತಾನು ನಕ್ಕ.

ಆಖಿರ್‌ಕಾರ್... ಅಂದ್ರೆ, ಅಂತೂ ಇಂತೂ ಮುಗಿಸ್ತೀನಿ. ಹೋಗಿ ಬರ್ತೀನ್ರಿ. ಮುಂದಿನ ವಾರ ಸಿಗೋಣ.